ನಿಮಗಿದು ಗೊತ್ತೇ? ತಿಪ್ಪೆಯ ಪಪೈರಸ್, ಹೂಲಿಯ ಶಾಸನ

ಕನ್ನಡದ ಅತಿ ಹಳೆಯ ಮಾತು ಸಿಕ್ಕಿದ್ದು ಈಜಿಪ್ತಿನ ತಿಪ್ಪೆಯಲ್ಲಿ ಎಂದು ವಾದಿಸುವವರಿದ್ದಾರೆ, ಗೊತ್ತೇ? ಊರು ಆಕ್ಸಿರಿಂಕಸ್. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ಚೂಪು ಮೂತಿಯ ಮೀನನ್ನು ಪೂಜಿಸುತ್ತಿದ್ದ ಊರಿಗೆ ಗ್ರೀಕರು ಆ ಮೀನಿನ ಹೆಸರನ್ನೇ ಇಟ್ಟರು.

ಮುಂದೆ ಅದೇ ಊರು ಕ್ರೈಸ್ತರ ದೊಡ್ಡ ನೆಲೆಯಾಯಿತು. 4ನೇ ಶತಮಾನದ ಕೊನೆಗೆ ಬಂದ ಯಾತ್ರಿಕರು 12 ಚರ್ಚುಗಳಿದ್ದವು ಎನ್ನುತ್ತಾರೆ. ಅಗಸೆ, ಬುರುಜುಗಳಲ್ಲೂ ಸಂನ್ಯಾಸಿಗಳೇ. ಅವರ ಸಂಖ್ಯೆ 10,000, ಸಂನ್ಯಾಸಿನಿಯರದು 20,000. ಲೆಕ್ಕ ಕೊಟ್ಟವರು ಅಲ್ಲಿನ ಬಿಷಪ್ಪರೇ; ಸ್ವಲ್ಪ ಕಳೆದು ಓದಿಕೊಳ್ಳಿ.

1897ರಲ್ಲಿ ಇಂಗ್ಲಿಷ್ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಅಲ್ಲಿನ ಕಸದ ದಿಬ್ಬಗಳನ್ನು ಅಗೆದು, ಪಪೈರಸ್ ಎಂಬ ಜೊಂಡಿನ ಹಾಳೆಗಳ ಬರಹಗಳನ್ನು ಹೊರತೆಗೆದರು. ಅವರು ಅಚ್ಚು ಹಾಕಿಸಿದ 1ನೇ ಪಪೈರಸ್ಸಿನಲ್ಲೇ ಯೇಸುವಿನ ವಚನಗಳಿದ್ದವು. ಅವು ತೋಮನ ಸುವಾರ್ತೆಯವು ಎಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ.

413ನೇ ಪಪೈರಸ್ ಮಾತ್ರ ತಮಾಷೆಯದು. 2ನೇ ಶತಮಾನದ ಗ್ರೀಕ್ ಪ್ರಹಸನ. ಭಾರತದ ರಾಜನ ಕೈಗೆ ಸಿಕ್ಕ ಕಾರಿಟಿಯನ್ ಎಂಬ ಯುವತಿಯನ್ನು ಬಿಡಿಸಲು ಅವಳ ಸೋದರನೂ ಅವನ ಕಡೆಯವರೂ ಬಂದು, ರಾಜನಿಗೂ ಅವನ ಮಂದಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸುತ್ತಾರೆ. ಅಮಲೇರಿದ ರಾಜ ಆಡುವ ಮಾತು ಗ್ರೀಕ್ ಅಲ್ಲವೇ ಅಲ್ಲ! 1904ರಲ್ಲಿ ಜರ್ಮನಿಯ ಶಾಸನತಜ್ಞ ಹುಲ್ಟ್ಸ್ ಅದನ್ನು ಕನ್ನಡವೆಂದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಾಶಾಸ್ತ್ರಿಗಳೂ ಹೌದೆಂದರು.

ಅಕ್ಷರಗಳನ್ನೇ ನೋಡಿ. 'ಬೆರೆ ಕೊಂಜೆಯಿ ದಮುನ್ ಪೆತ್ರೆಕಿಯೊ ಪಾಕ್ತೆಯಿ'. ಇದನ್ನು ಬೇರೆ, ಕೊಂಚ, ಮಧು, ಪಾತ್ರಕ್ಕೆ, ಹಾಕಿ ಎಂದು ಓದಿದರು. 'ಪಾಕ್ತೆಯಿ' ಹಾಕಿಯಾಗುವುದಕ್ಕೆ ಅಡ್ಡಿಯಿಲ್ಲ: ಹಳಗನ್ನಡದ ಪಕಾರ ಹಕಾರವಾಗಿದೆ, ಸವದತ್ತಿ ಪಕ್ಕದ ಪೂಲಿ ಹೂಲಿಯಾಗಿಲ್ಲವೇ? ಆದರೆ 'ದಮುನ್' ಮಧುವಾಗಬೇಕಾದರೆ ಅಕ್ಷರ ಹಿಂದುಮುಂದು ಮಾಡಬೇಕು. ಅಲ್ಲಿ ನನಗೆ ಅನುಮಾನ.

ಅನುಮಾನಪಟ್ಟವರಲ್ಲಿ ಹೂಲಿಯನ್ನು ಚೆನ್ನಾಗಿ ಬಲ್ಲ ಒಬ್ಬರಿದ್ದರು. ಬ್ರಿಟಿಷ್ ಮ್ಯೂಸಿಯಮ್ಮಿನ ಎಲ್.ಡಿ. ಬಾರ್ನೆಟ್. ಪಂಚಲಿಂಗೇಶ್ವರ ಗುಡಿಯ ಊರಾದ ಹೂಲಿಯ ಶಾಸನಗಳನ್ನು, ಸಾವಿರ ಮಹಾಜನರ ಆ ಅಗ್ರಹಾರದ ದಾನದತ್ತಿಗಳನ್ನು ಸಾಲುಸಾಲಾಗಿ ಓದಿ 'ಎಪಿಗ್ರಾಫಿಯಾ ಇಂಡಿಕಾ'ದ 18ನೇ ಸಂಪುಟದಲ್ಲಿ ಪ್ರಕಟಿಸಿದವರು. ಅವರೇ 1926ರಲ್ಲಿ ಈಜಿಪ್ತಿನ ಪುರಾತತ್ತ್ವ ಪತ್ರಿಕೆಯಲ್ಲಿ ಬರೆದರು: ಪಪೈರಸ್ಸಿನಲ್ಲಿರುವುದು ಕನ್ನಡವಲ್ಲ. ವಾದ ಇನ್ನೂ ಮುಗಿದಿಲ್ಲ.