ಇಬ್ಬರು ತುಳಿಯುವ ಸೈಕಲ್ಲು

ಕೊಡೈಕೆನಾಲಿನ ಕೆರೆಯ ಸುತ್ತ ಸುಮಾರು 5 ಕಿಲೋಮೀಟರ್ ರಸ್ತೆಯಿದೆ. ಅಲ್ಲಿ ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ಲು ಬಾಡಿಗೆಗೆ ಸಿಗುತ್ತದೆ. ಹೆಂಡತಿಯನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗಿಯೇ ರೂಢಿಯಾದವರಿಗೆ ಇದು ಬೇರೆಯೇ ವಿದ್ಯೆ.

ಸಾಮಾನ್ಯವಾಗಿ ಎರಡು ಜೊತೆ ಪೆಡಲುಗಳನ್ನೂ ಒಂದು ಚೈನು ಕೂಡಿಸಿರುತ್ತದೆ. ಒಬ್ಬರ ಕಾಲು ತಿರುಗಿದರೆ ಇನ್ನೊಬ್ಬರದೂ ತಿರುಗಲೇಬೇಕು. ಮುಂದಿನವರು ಹೇಳದೆ ಕೇಳದೆ ತುಳಿಯುವುದನ್ನು ನಿಲ್ಲಿಸಿದರೆ ಹಿಂದಿನವರ ಮಂಡಿ ಜಗ್ಗುತ್ತದೆ.

ಹತ್ತುವುದೇ ಮುಖ್ಯ ಪಾಠ. ಮುಂದಿನವರು ಎರಡೂ ಕಾಲು ನೆಲಕ್ಕೂರಿ, ಎರಡೂ ಬ್ರೇಕು ಹಿಡಿದು ಅಲುಗದೆ ನಿಲ್ಲಬೇಕು. ಹಿಂದಿನವರು ಕೂತು, ಪೆಡಲುಗಳ ಮೇಲೆ ಪಾದವಿಟ್ಟು, 'ಹೂಂ' ಎಂದ ಮೇಲೆಯೇ ಹೊರಡುವುದು. ಸೀರೆಯ ನೆರಿಗೆ ಚೈನಿಗೆ ಸಿಕ್ಕೀತು. ಚೂಡಿದಾರವಾದರೂ ಪಾದದ ಬಳಿ ಬಿಗಿಯಾಗಿರಲಿ.

ಹ್ಯಾಂಡಲ್ಲು ತಿರುಗಿಸುವುದು, ಬ್ರೇಕು ಹಿಡಿಯುವುದು ಮುಂದಿನವರ ಪಾಲು. ಹಿಂದಿನವರಿಗೆ ಎದುರಿಗೆ ಕಾಣುವುದು ಬೆನ್ನು ಮಾತ್ರ. ಆದ್ದರಿಂದ 'ಗುಂಡಿ ಬಂತು', 'ಎಡಕ್ಕೆ ತಿರುವು', 'ನಿಲ್ಲಿಸ್ತೀನಿ' ಎಂದು ಮೊದಲೇ ಹೇಳಬೇಕು. ಮನೆಯಲ್ಲಿ ಮಾತೇ ಆಡದ ಯಜಮಾನರಿಗೆ ಕಷ್ಟವಾಗುವುದು ಇಲ್ಲಿಯೇ! ಪ್ಯಾರಾಲಿಂಪಿಕ್ ಪಂದ್ಯಗಳಲ್ಲಿ ಅಂಧ ಸವಾರರು ಹಿಂದೆ ಕೂತು ಸ್ಪರ್ಧಿಸುವುದೂ ಮುಂದಿನವರನ್ನು ನಂಬಿಯೇ.

'ನಿಧಾನ' ಎನ್ನುವ ಹಕ್ಕು ಹಿಂದಿನವರಿಗಿದೆ. ಕೇಳಿದೊಡನೆ ವೇಗ ತಗ್ಗಿಸಬೇಕು. ಸೈಕಲ್ಲು ಉದ್ದವಾದ್ದರಿಂದ ತಿರುವನ್ನು ಅಗಲವಾಗಿ ತೆಗೆದುಕೊಳ್ಳಿ. ರಸ್ತೆಗಿಳಿಯುವ ಮೊದಲು ಖಾಲಿ ಬಯಲಿನಲ್ಲಿ ನಾಲ್ಕು ಸುತ್ತು ಹಾಕಿ.