ಹುಡುಗ ಯಾವ ಕಂಪನಿ ಅಂತ ಕೇಳ್ತೀರಿ, ಯಾವ ವೀಸಾ ಅಂತ ಕೇಳ್ತೀರಾ?

ರಾಜಾನುಕುಂಟೆ, ಯಲಹಂಕದ ಕಡೆ ಈಗ ಅಮೆರಿಕಾ ಸಂಬಂಧ ಅಪರೂಪದ ಮಾತೇನಲ್ಲ. ಹುಡುಗನಿಗೆ ಅಲ್ಲಿ ಕೆಲಸ, ಹುಡುಗಿಗೆ ಇಲ್ಲಿ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ. ಎರಡೂ ಮನೆಯವರು ಸಂಬಳ ಕೇಳ್ತಾರೆ, ಜಾತಕ ನೋಡ್ತಾರೆ. ವೀಸಾ ಬಗ್ಗೆ ಕೇಳಿದ್ರೆ, "ಅದೆಲ್ಲ ಡಿಪೆಂಡೆಂಟ್ ವೀಸಾ, ಸಿಕ್ಕೇ ಸಿಗುತ್ತೆ" ಅಂತಾರೆ. ಸಿಗಬಹುದು. ಆದರೆ ಆ ವೀಸಾ ಕೈಯಲ್ಲಿ ಹಿಡಿದು ಅಲ್ಲಿ ಏನು ಮಾಡಬಹುದು? ನಿಜವಾದ ಪ್ರಶ್ನೆ ಅದು.

ಹುಡುಗ ಎಚ್-1ಬಿ ಮೇಲಿದ್ರೆ ಹೆಂಡತಿಗೆ ಎಚ್-4. ಅದರಲ್ಲಿ ಓದಬಹುದು, ಆದರೆ ಕೆಲಸ ಮಾಡೋ ಹಾಗಿಲ್ಲ. ಕೆಲಸಕ್ಕೆ ಇಎಡಿ ಅನ್ನೋ ಪ್ರತ್ಯೇಕ ಅನುಮತಿ ಬೇಕು. 2015ರ ಮೇ 26ರಿಂದ ಈ ಅವಕಾಶ ಇದೆ, ಎಲ್ಲರಿಗೂ ಅಲ್ಲ. ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿರಬೇಕು. ಅಂದ್ರೆ ಹೊಸದಾಗಿ ಎಚ್-1ಬಿ ಸಿಕ್ಕ ಹುಡುಗನನ್ನು ಮದುವೆಯಾಗಿ ಹೋದವಳು ವರ್ಷಗಟ್ಟಲೆ ಮನೆಯಲ್ಲೇ ಕೂರಬೇಕಾಗಬಹುದು.

ಅದೇ ಹುಡುಗನನ್ನು ಬೆಂಗಳೂರಿನ ಕಂಪನಿಯೇ ಅಲ್ಲಿನ ಶಾಖೆಗೆ ಎಲ್-1 ಮೇಲೆ ಕಳಿಸಿದ್ರೆ ಕಥೆ ಬೇರೆ. ಹೆಂಡತಿಗೆ ಎಲ್-2. 2021ರ ನವೆಂಬರ್‌ನಿಂದ ಅವಳಿಗೆ ಪ್ರತ್ಯೇಕ ಅನುಮತಿ ಇಲ್ಲದೆಯೇ ಕೆಲಸ ಮಾಡೋ ಹಕ್ಕಿದೆ. ಹುಡುಗ ಇನ್ನೂ ವಿದ್ಯಾರ್ಥಿ, ಎಫ್-1 ಮೇಲಿದ್ದಾನಾ? ಹಾಗಿದ್ರೆ ಹೆಂಡತಿಗೆ ಎಫ್-2. ಅದರಲ್ಲಿ ಕೆಲಸ ಇಲ್ಲವೇ ಇಲ್ಲ. ಮೂರೂ ಡಿಪೆಂಡೆಂಟ್ ವೀಸಾಗಳೇ, ಆದರೆ ಮೂರು ಬೇರೆ ಬೇರೆ ಬದುಕು. ಹೆಂಡತಿ ಎಚ್-1ಬಿ ಮೇಲಿದ್ದು ಗಂಡ ಹಿಂದೆ ಹೋದ್ರೂ ನಿಯಮ ಇದೇ.

ಮದುವೆ ಮನೆಯ ಸೀರಿಯಲ್ ಸೆಟ್ ನೋಡಿದ್ದೀರಲ್ಲ? ಹಳೇ ಸೆಟ್‌ನಲ್ಲಿ ಒಂದು ಬಲ್ಬ್ ಹೋದ್ರೆ ಸಾಲೆಲ್ಲ ಕತ್ತಲೆ. ಎಚ್-4 ಕೂಡ ಹಾಗೇ. ಗಂಡನ ಕೆಲಸ ಹೋದ್ರೆ ಇಬ್ಬರಿಗೂ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲಾ ಬೇರೆ ವೀಸಾಗೆ ಬದಲಾಗಬೇಕು, ಅದೂ ಇಲ್ಲಾಂದ್ರೆ ದೇಶ ಬಿಡಬೇಕು. ವಿಚ್ಛೇದನ ಆದ್ರೆ ಹೆಂಡತಿಯ ಎಚ್-4 ಅಲ್ಲಿಗೆ ಮುಗೀತು. ದಾಂಪತ್ಯ ಕೆಟ್ಟಾಗ ಹೆಣ್ಣುಮಕ್ಕಳು ಬಾಯಿ ಬಿಡೋಕೆ ಹೆದರೋದಕ್ಕೆ ಇದೂ ಒಂದು ಕಾರಣ.

"ಗ್ರೀನ್ ಕಾರ್ಡ್ ಬಂದ್ರೆ ಸರಿಹೋಗುತ್ತೆ" ಅಂತೀರಾ? ಉದ್ಯೋಗದ ಮೇಲೆ ಅಮೆರಿಕಾ ವರ್ಷಕ್ಕೆ ಕೊಡೋದು ಸುಮಾರು 1,40,000. ಹೆಂಡತಿ ಮಕ್ಕಳೂ ಇದೇ ಲೆಕ್ಕದೊಳಗೆ. ಒಂದು ದೇಶಕ್ಕೆ ಶೇ. 7ರ ಮಿತಿ. ಅದಕ್ಕೇ ನಮ್ಮವರ ಸಾಲು ಅಷ್ಟು ಉದ್ದ. ಎಚ್-4 ಮೇಲಿರೋ ಮಗು ಆ ಸಾಲಿನಲ್ಲೇ ಬೆಳೆದು 21 ದಾಟಿದ್ರೆ ಆ ವೀಸಾ ಮುಗಿಯುತ್ತೆ. ತಾನು ಬೆಳೆದ ಊರಲ್ಲಿ ಉಳಿಯೋಕೆ ತನ್ನದೇ ವೀಸಾ ಹುಡುಕಬೇಕು.

ಇನ್ನು ಅಪ್ಪ ಅಮ್ಮ. ಎಚ್-4 ಅವರಿಗಿಲ್ಲ. ಅವರು ಹೋಗೋದು ಬಿ-2 ಪ್ರವಾಸಿ ವೀಸಾದಲ್ಲಿ, ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳವರೆಗೆ. ಮಗ ಅಥವಾ ಮಗಳು ಅಮೆರಿಕಾದ ಪ್ರಜೆಯಾದ ಮೇಲಷ್ಟೇ ಹೆತ್ತವರ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕೋಕೆ ಸಾಧ್ಯ.

ಹಾಗಂತ ವಿದೇಶದ ಸಂಬಂಧ ಬೇಡ ಅಂತಲ್ಲ. ನಿಶ್ಚಿತಾರ್ಥಕ್ಕೆ ಮುಂಚೆ ಮೂರು ಮಾತು ಕೇಳಿ. ಯಾವ ವೀಸಾ? ಎಷ್ಟು ವರ್ಷ ಬಾಕಿ ಇದೆ? ಐ-140 ಆಗಿದೆಯಾ? ಹುಡುಗಿ ಕೆಲಸಕ್ಕೆ ರಾಜೀನಾಮೆ ಬರೆಯೋದು ಈ ಉತ್ತರಗಳು ಬಂದ ಮೇಲೆ. ಕೇಳೋಕೆ ಸಂಕೋಚ ಬೇಡ. ಸಂಬಳ ಕೇಳೋವಾಗ ಇಲ್ಲದ ಸಂಕೋಚ ಇದಕ್ಕೆ ಯಾಕೆ?