ಗಡಿ ಬದಲಾದ ಆಟದಂಗಳ

ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಹುಟ್ಟಿತು; ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಗಳಲ್ಲಿ ಇವೆರಡೂ ಒಂದೇ ಮನೆಯ ಎದುರಾಳಿಗಳು. 1980ರಲ್ಲಿ ಗುಲಬರ್ಗಾ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ, 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯಗಳು ಬೇರೆಯಾದಂತೆ ಆಟದ ನಕ್ಷೆಯೂ ಹಂಚಿಹೋಯಿತು.

ಬೀದರದ ತಂಡಕ್ಕೆ ಧಾರವಾಡದವರೆಗಿನ ದೀರ್ಘ ಪಯಣ ತಪ್ಪಿತು, ನಿಜ. ಆದರೆ ವೇಳಾಪಟ್ಟಿಯ ಗಂಟು ಬಿಚ್ಚಲಿಲ್ಲ. ಮಳೆ ನಿಂತು ಮೈದಾನ ಒಣಗುವಷ್ಟರಲ್ಲಿ ಸೆಮಿಸ್ಟರ್ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಅದರ ನಡುವೆಯೇ ತಂಡವನ್ನಾರಿಸಿ ದಕ್ಷಿಣ ವಲಯದ ಪಂದ್ಯಗಳಿಗೆ ಕಳುಹಬೇಕು. ತಪ್ಪಿದ ಪರೀಕ್ಷೆಯನ್ನು ಮತ್ತೆ ಬರೆಯಬಹುದು. ತಪ್ಪಿದ ಪಂದ್ಯ ವಿದ್ಯಾರ್ಥಿಗೆ ಮರಳಿ ದೊರೆಯುವುದಿಲ್ಲ.

ಆಡಳಿತಕ್ಕೆ ಗೆರೆಗಳು ಬೇಕು. ಆದರೆ ಪರೀಕ್ಷೆಯ ದಿನಗಳನ್ನು ಗೊತ್ತುಮಾಡುವಾಗಲೇ ಆಟದ ದಿನಗಳನ್ನೂ ಗೊತ್ತುಮಾಡಿ, ವರ್ಷಕ್ಕೊಮ್ಮೆ ಧಾರವಾಡ–ಬೆಳಗಾವಿಯ ಕಾಲೇಜುಗಳನ್ನು ಒಂದೇ ಅಂಗಳಕ್ಕೆ ಕರೆತರಲು ಯಾವ ಗೆರೆ ಅಡ್ಡಬಂದೀತು?